ಪೋಲ್ ವಾಲ್ಟ್‌ನಲ್ಲಿ ತೋಳುಗಳ ಕೆಲಸ

ಈ ಶಿಬಿರಕ್ಕೆ ಬಂದಿರುವ ನಿಮ್ಮಲ್ಲಿ ಹೆಚ್ಚಿನವರು ದೈಹಿಕ ಶಿಕ್ಷಣ ಶಿಕ್ಷಕರು. ಕೆಲವರು ಈಗಾಗಲೇ ಪೋಲ್ ವಾಲ್ಟ್, ಅಂದರೆ ಕೋಲೂರಿ ಎತ್ತರದ ಅಡ್ಡಪಟ್ಟಿಯನ್ನು (ಬಾರ್) ದಾಟುವ ಆಟ, ಆಡುತ್ತಿರುವ ಕ್ರೀಡಾಪಟುಗಳು. ಓಟ, ಟೇಕಾಫ್ (ನೆಲ ಬಿಡುವುದು), ತಲೆಕೆಳಗಾಗುವುದು, ಬಾರ್ ದಾಟುವುದು ಎಲ್ಲವನ್ನೂ ಒಂದೇ ಉಪನ್ಯಾಸದಲ್ಲಿ ತುಂಬಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ತೋಳುಗಳ ಕೆಲಸವೊಂದನ್ನೇ ಎತ್ತಿಕೊಂಡಿದ್ದೇನೆ. ಕೋಲನ್ನು ಬಗ್ಗಿಸುವುದು ತೋಳುಗಳ ಕೆಲಸ ಎಂಬ ನಂಬಿಕೆ ನಮ್ಮ ಮೈದಾನಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಹೊಸಬರ ಬಹುಪಾಲು ತಪ್ಪುಗಳು ಈ ಒಂದು ನಂಬಿಕೆಯಿಂದಲೇ ಹುಟ್ಟುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೋಲನ್ನು ಬಗ್ಗಿಸುವುದು ಓಟದ ವೇಗ ಮತ್ತು ದೇಹದ ತೂಕ. ತೋಳುಗಳು ಕೋಲನ್ನು ಎಷ್ಟು ಎತ್ತರಕ್ಕೆ ಎತ್ತಿ ಹಿಡಿಯುತ್ತವೆ, ಆ ವೇಗವನ್ನು ಸೋರಗೊಡದೆ ಕೋಲಿಗೆ ಹೇಗೆ ದಾಟಿಸುತ್ತವೆ, ಕೊನೆಯಲ್ಲಿ ತಮ್ಮ ಪಾಲಿನ ಬಲವನ್ನು ಯಾವಾಗ ಸೇರಿಸುತ್ತವೆ ಎಂಬುದೇ ಇಂದಿನ ವಿಷಯ.

ಮುಂದೆ ನಾನು ಹೇಳುವುದೆಲ್ಲ ಬಲಗೈಯವರಿಗೆ ಅನ್ವಯಿಸುತ್ತದೆ. ಅವರ ಬಲಗೈ ಕೋಲಿನ ಮೇಲ್ತುದಿಯ ಬಳಿ ಇರುತ್ತದೆ, ಎಡಗೈ ಅದರ ಕೆಳಗೆ ಇರುತ್ತದೆ, ಅವರು ನೆಲ ಬಿಡುವುದು ಎಡಗಾಲಿನಿಂದ. ಎಡಗೈಯವರು ಎಲ್ಲವನ್ನೂ ತಿರುಗಿಸಿಕೊಂಡು ಕೇಳಬೇಕು.

ಮೊದಲು ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಓಡುತ್ತಿರುವವನ ಚಲನಶಕ್ತಿ ಒಂದಿಷ್ಟೂ ನಷ್ಟವಾಗದೆ ಎತ್ತರವಾಗಿ ಮಾರ್ಪಟ್ಟರೆ ಅವನ ಗುರುತ್ವಕೇಂದ್ರ 4.13 ಮೀಟರ್ ಮೇಲೇರುತ್ತದೆ. ನಿಂತಿರುವಾಗಲೇ ಅದು ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಇರುವುದರಿಂದ ಒಟ್ಟು 5.13 ಮೀಟರ್ ಆಗುತ್ತದೆ. ವೇಗ ಸೆಕೆಂಡಿಗೆ 10 ಮೀಟರ್ ಆದರೆ ಇದೇ ಲೆಕ್ಕ ಸುಮಾರು 6.10 ಮೀಟರ್‌ಗೆ ಬಂದು ನಿಲ್ಲುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 6.30 ಮೀಟರ್ ಹಾರಿದರು. ಅದೇ ವರ್ಷ ಫೆಬ್ರುವರಿಯಲ್ಲಿ ಡೆಹ್ರಾಡೂನ್‌ನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮಧ್ಯಪ್ರದೇಶದ ದೇವ್ ಮೀನಾ 5.32 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡು ಮಾತು ಸ್ಪಷ್ಟವಾಗುತ್ತವೆ. ಎತ್ತರದ ಸಿಂಹಪಾಲು ಓಟದಿಂದಲೇ ಬರುತ್ತದೆ. ಆದರೆ ಟೇಕಾಫ್‌ನಲ್ಲಿ ಒಂದಷ್ಟು ಶಕ್ತಿ ಹೇಗೂ ನಷ್ಟವಾಗುವುದರಿಂದ, ಅದನ್ನು ತುಂಬಿಕೊಂಡು ಇನ್ನೂ ಮೇಲೆ ಹೋಗಬೇಕಾದರೆ ಗಾಳಿಯಲ್ಲಿರುವಾಗ ಭುಜ, ಬೆನ್ನು, ತೋಳುಗಳ ಸ್ನಾಯುಗಳು ದುಡಿಯಲೇಬೇಕು. ತೋಳುಗಳು ಟೇಕಾಫ್‌ನಲ್ಲಿ ಶಕ್ತಿಯನ್ನು ಕಾಯುತ್ತವೆ, ಆಮೇಲೆ ಶಕ್ತಿಯನ್ನು ಕೂಡಿಸುತ್ತವೆ. ಈ ಎರಡರಲ್ಲಿ ಮೊದಲನೆಯದೇ ಹೆಚ್ಚು ಕಷ್ಟದ್ದು.

ಇನ್ನು ಹಿಡಿತಕ್ಕೆ ಬರೋಣ. ಎರಡು ಕೈಗಳ ನಡುವಿನ ಅಂತರ ಭುಜದಗಲ ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕು. ಇದು ಬರಿಯ ಅನುಕೂಲದ ಮಾತಲ್ಲ ಎಂಬುದನ್ನು ತೋರಿಸುತ್ತೇನೆ. ಎರಡೂವರೆ ಕಿಲೋ ತೂಕದ ಕೋಲೊಂದರ ಗುರುತ್ವಕೇಂದ್ರ ಬಲಗೈಯಿಂದ 2.40 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಕೈಗಳ ಅಂತರ 60 ಸೆಂಟಿಮೀಟರ್ ಇದ್ದು ಕೋಲು ನೆಲಕ್ಕೆ ಸಮಾಂತರವಾಗಿದ್ದರೆ, ಬಲಗೈ ಏಳೂವರೆ ಕಿಲೋ ಬಲದಿಂದ ಕೆಳಕ್ಕೆ ಒತ್ತಬೇಕಾಗುತ್ತದೆ ಮತ್ತು ಎಡಗೈ 10 ಕಿಲೋ ಭಾರ ಹೊರಬೇಕಾಗುತ್ತದೆ. ಅಂತರವನ್ನು 45 ಸೆಂಟಿಮೀಟರ್‌ಗೆ ಇಳಿಸಿದರೆ ಎಡಗೈಯ ಭಾರ 13 ಕಿಲೋ ದಾಟುತ್ತದೆ. ಕೋಲಿನ ತೂಕ ಹೆಚ್ಚಾಗಿಲ್ಲ, ಓಡುವವನ ಪಾಲಿಗೆ ಮಾತ್ರ ಅದು ಭಾರವಾಗಿದೆ. ಹಾಗೆಂದು ಕೈಗಳನ್ನು ಬಹಳ ದೂರ ಇಟ್ಟರೆ ಎಡ ಭುಜ ಮುಂದಕ್ಕೆ ಎಳೆಯಲ್ಪಟ್ಟು ಓಡುವಾಗ ಮೈ ಓರೆಯಾಗುತ್ತದೆ, ಟೇಕಾಫ್‌ನಲ್ಲಿ ಎರಡೂ ತೋಳುಗಳನ್ನು ಮೇಲೆತ್ತುವುದೂ ಕಷ್ಟವಾಗುತ್ತದೆ.

ಓಟದ ಆರಂಭದಲ್ಲಿ ಕೋಲಿನ ತುದಿ ಆಕಾಶದ ಕಡೆಗೆ ಏಕಿರಬೇಕು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಕೋಲು ಕಡಿದಾಗಿ ನಿಂತಿರುವಾಗ ಅದರ ತೂಕ ಹೆಚ್ಚುಕಡಿಮೆ ಕೈಗಳ ಮೇಲೆ ನೇರವಾಗಿ ಕೂರುತ್ತದೆ. ತುದಿ ಇಳಿಯುತ್ತ ಬಂದಂತೆ ಎಡಗೈಯ ಹೊರೆ ಏರುತ್ತದೆ. ಬಲಗೈ ಸೊಂಟದ ಬಳಿ, ಎಡಗೈ ಎದೆಯ ಮುಂದೆ, ಎಡ ಮಣಿಕಟ್ಟು ಕೋಲಿನ ಕೆಳಗೆ ಆಸರೆಯಾಗಿ. ಇದಿಷ್ಟು ಆರಂಭದ ನಿಲುವು. ಓಟ ಸಾಗಿದಂತೆ ತುದಿಯನ್ನು ಹಂತಹಂತವಾಗಿ ಇಳಿಸುತ್ತ ಬರಬೇಕು. ಕೊನೆಯ ಹೆಜ್ಜೆಗಳಲ್ಲಿ ಕೋಲಿನ ಬೀಳುವಿಕೆಯೇ ಓಟಗಾರನನ್ನು ಮುಂದಕ್ಕೆ ಕರೆದೊಯ್ಯಬೇಕು. ಅರ್ಧ ದಾರಿಯಲ್ಲೇ ಕೋಲನ್ನು ಅಡ್ಡಲಾಗಿ ಇಳಿಸಿದ ಹುಡುಗ ಉಳಿದ ಅರ್ಧ ದಾರಿಯನ್ನು ಎಡಗೈಯಲ್ಲಿ ಹತ್ತು ಕಿಲೋ ಹೊತ್ತು ಓಡುತ್ತಾನೆ. ಹಾಗೆ ಓಡುವವನ ಬೆನ್ನು ಹಿಂದಕ್ಕೆ ಬಾಗುತ್ತದೆ, ಹೆಜ್ಜೆ ಉದ್ದವಾಗುತ್ತದೆ, ವೇಗ ಅಗತ್ಯವಾದ ಜಾಗದಲ್ಲೇ ಕುಸಿಯುತ್ತದೆ. ಅವನಿಗೆ 'ಜೋರಾಗಿ ಓಡು' ಎಂದು ಕೂಗಿ ಪ್ರಯೋಜನವಿಲ್ಲ. ಕೋಲು ಹಿಡಿದಿರುವ ಬಗೆಯನ್ನು ತಿದ್ದಬೇಕು.

ಪ್ಲಾಂಟ್ ಎಂದು ನಾವು ಕರೆಯುವ ಹಂತ, ಅಂದರೆ ಕೋಲನ್ನು ಮೇಲೆತ್ತಿ, ಓಟದ ದಾರಿಯ ಕೊನೆಯಲ್ಲಿ ನೆಲದಲ್ಲಿ ಹುದುಗಿಸಿದ ಬಾಕ್ಸಿನೊಳಗೆ ಅದರ ತುದಿಯನ್ನು ಇಡುವ ಹಂತ, ಕೊನೆಯ ಮೂರು ಹೆಜ್ಜೆಗಳಲ್ಲಿ ಮುಗಿಯಬೇಕು. ಎಡ, ಬಲ, ಎಡ ಎಂದು ಎಣಿಸಿ. ಮೊದಲ ಎಡ ಪಾದ ನೆಲಕ್ಕೆ ತಾಗುವಾಗ ಬಲಗೈ ಸೊಂಟವನ್ನು ಬಿಟ್ಟು ಪಕ್ಕೆಯನ್ನು ಸವರಿಕೊಂಡು ಮೇಲೇರಲು ತೊಡಗುತ್ತದೆ. ಬಲ ಪಾದ ತಾಗುವಾಗ ಅದು ಕಿವಿಯ ಮಟ್ಟಕ್ಕೆ ಬಂದಿರಬೇಕು, ಎಡಗೈಯೂ ಜೊತೆಗೇ ಮೇಲೇರುತ್ತಿರಬೇಕು. ಕೊನೆಯ ಎಡ ಪಾದ ಊರಿದಾಗ ಬಲ ತೋಳು ಪೂರ್ಣವಾಗಿ ನೆಟ್ಟಗಾಗಿ, ಭುಜ ಕಿವಿಗೆ ತಾಗುವಷ್ಟು ಮೇಲೆದ್ದು, ಮುಷ್ಟಿ ಟೇಕಾಫ್ ಪಾದದ ಹೆಬ್ಬೆರಳಿನ ನೇರಕ್ಕೆ ತಲೆಯ ಮೇಲಿರಬೇಕು. ಬಲಗೈ ಮೈಗೆ ಹತ್ತಿರವಾಗಿಯೇ ಮೇಲೇರಬೇಕು ಎಂಬುದನ್ನು ಮತ್ತೊಮ್ಮೆ ಹೇಳುತ್ತೇನೆ. ಹೊಸಬರು ಬಲಗೈಯನ್ನು ಪಕ್ಕಕ್ಕೆ ಬೀಸಿ, ದೊಡ್ಡ ಅರ್ಧವೃತ್ತ ಬರೆದು ತಲೆಯ ಮೇಲೆ ತರುತ್ತಾರೆ. ಆಗ ಭುಜಗಳು ತಿರುಚಿಕೊಳ್ಳುತ್ತವೆ, ಕೋಲಿನ ತುದಿ ಅತ್ತಿತ್ತ ಓಲಾಡುತ್ತದೆ, ಕೈ ಮೇಲೆ ತಲುಪುವುದೂ ತಡವಾಗುತ್ತದೆ. ಬಾಕ್ಸಿನ ಅಗಲ ಮುಂಭಾಗದಲ್ಲಿ 60 ಸೆಂಟಿಮೀಟರ್ ಇದ್ದರೂ ಹಿಂಭಾಗದ ತಳದಲ್ಲಿ ಕೇವಲ 15 ಸೆಂಟಿಮೀಟರ್ ಇರುತ್ತದೆ. ಓಲಾಡುವ ತುದಿ ಅಲ್ಲಿ ಬಡಿದು ನಿಂತಾಗ ಆ ಹೊಡೆತವನ್ನು ತಡೆದುಕೊಳ್ಳಬೇಕಾದದ್ದು ಭುಜ.

ಮೊಣಕೈ ತುಸು ಮಡಿದಿದ್ದರೆ ಏನಾದೀತು ಎಂದು ಕೆಲವರು ಕೇಳುತ್ತಾರೆ. ಹಲಗೆಯ ಮೇಲೆ ಬರೆದು ನೋಡಿ. ಹಿಡಿತ ಕೋಲಿನ ಕೆಳತುದಿಯಿಂದ 4.50 ಮೀಟರ್ ಎತ್ತರದಲ್ಲಿದೆ. ಬಾಕ್ಸಿನ ಆಳ 20 ಸೆಂಟಿಮೀಟರ್. ತೋಳು ನೆಟ್ಟಗಿದ್ದಾಗ ಮೇಲಿನ ಮುಷ್ಟಿ ನೆಲದಿಂದ 2.20 ಮೀಟರ್ ಎತ್ತರದಲ್ಲಿದ್ದರೆ ಕೋಲು ನೆಲದೊಂದಿಗೆ ಸುಮಾರು 32 ಡಿಗ್ರಿ ಕೋನ ಮಾಡುತ್ತದೆ. ಮೊಣಕೈ ಮಡಿದು ಮುಷ್ಟಿ 15 ಸೆಂಟಿಮೀಟರ್ ಕೆಳಗಿಳಿದರೆ ಆ ಕೋನ 30 ಡಿಗ್ರಿಗೆ ಇಳಿಯುತ್ತದೆ. ಎರಡು ಡಿಗ್ರಿ ಎಂದರೆ ಕೇಳಲು ಅಲ್ಪ. ಆದರೆ ಕೋಲು ಅಲ್ಲಿಂದ ನೆಟ್ಟಗಾಗುವವರೆಗೆ ತಿರುಗಬೇಕಾದ ದಾರಿಯಲ್ಲಿ ಅತ್ಯಂತ ದುಬಾರಿಯಾದ ಡಿಗ್ರಿಗಳು ಈ ಆರಂಭದವೇ. ಏಕೆಂದರೆ ಇಲ್ಲಿ ಓಟದ ದಿಕ್ಕು ಕೋಲಿನ ಉದ್ದಕ್ಕೆ ಬಹುಪಾಲು ಎದುರಾಗಿರುತ್ತದೆ. ಕೋಲು ಎಷ್ಟು ಚಪ್ಪಟೆಯಾಗಿ ನಾಟಿಕೊಳ್ಳುತ್ತದೆಯೋ ಓಟ ಅಷ್ಟು ನೇರವಾಗಿ ಗೋಡೆಗೆ ಗುದ್ದಿದ ಹಾಗಾಗುತ್ತದೆ. ಮಡಿದ ತೋಳಿಗೆ ಇನ್ನೊಂದು ದೋಷವೂ ಇದೆ. ಹೊಡೆತ ಬಿದ್ದಾಗ ಅದು ಇನ್ನಷ್ಟು ಮಡಿಯುತ್ತದೆ, ಕೋಲಿಗೆ ಹೋಗಬೇಕಾದ ಶಕ್ತಿಯನ್ನು ತಾನೇ ನುಂಗಿಕೊಳ್ಳುತ್ತದೆ.

ಇದೇ ಚಿತ್ರದಿಂದ ಟೇಕಾಫ್ ಜಾಗವನ್ನೂ ಕಂಡುಕೊಳ್ಳಬಹುದು. ಮೇಲೆ ಹೇಳಿದ ಹಿಡಿತಕ್ಕೆ, ಮುಷ್ಟಿಯ ನೇರ ಕೆಳಗಿನ ಬಿಂದು ಬಾಕ್ಸಿನ ಹಿಂದಿನ ಗೋಡೆಯಿಂದ ಸುಮಾರು 3.80 ಮೀಟರ್ ದೂರದಲ್ಲಿ ಬರುತ್ತದೆ. ಪಾದ ಅಲ್ಲಿಯೇ ಊರಬೇಕು. ಅದಕ್ಕಿಂತ 30 ಸೆಂಟಿಮೀಟರ್ ಒಳಕ್ಕೆ ಊರಿದರೆ, ನಾವು 'ಒಳಗೆ ಬಿದ್ದ' ಎನ್ನುತ್ತೇವಲ್ಲ, ಆಗ ಪಾದ ನೆಲದಲ್ಲಿರುವಾಗಲೇ ಕೋಲು ಗೋಡೆಗೆ ತಾಗಿ ಬಲಗೈಯನ್ನು ತಲೆಯ ಹಿಂದಕ್ಕೆ ಎಳೆಯುತ್ತದೆ. ಭುಜ ಹಿಂದಕ್ಕೆ ಜಗ್ಗುತ್ತದೆ, ಸೊಂಟ ಮುಂದಕ್ಕೆ ಹೋಗುತ್ತದೆ, ಬೆನ್ನು ಬಿಲ್ಲಿನಂತೆ ಹಿಂಬಾಗುತ್ತದೆ. ವಾಲ್ಟರ್‌ಗಳ ಭುಜದ ನೋವಿಗೂ ಕೆಳಬೆನ್ನಿನ ಮೂಳೆಯ ತೊಂದರೆಗೂ ಹೀಗೆ ಪದೇಪದೇ ಒಳಗೆ ಬೀಳುವುದು ದೊಡ್ಡ ಕಾರಣ. ಬೆಳೆಯುವ ವಯಸ್ಸಿನ ಮಕ್ಕಳನ್ನು ತರಬೇತಿಗೆ ತೆಗೆದುಕೊಂಡಿರುವ ನೀವು ಎತ್ತರದ ಲೆಕ್ಕವನ್ನು ಪಕ್ಕಕ್ಕಿಟ್ಟಾದರೂ ಈ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಮಗು ಒಳಗೆ ಬೀಳುತ್ತಿದ್ದರೆ ಓಟದ ಗುರುತನ್ನು ಹಿಂದಕ್ಕೆ ಸರಿಸಿ, ಇಲ್ಲವೇ ಹಿಡಿತವನ್ನು ಕೆಳಗಿಳಿಸಿ. ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಹಾರಿಸಬೇಡಿ.

ಇನ್ನು ವಿವಾದದ ಕೈಗೆ, ಎಡಗೈಗೆ ಬರುತ್ತೇನೆ. ಇದಕ್ಕೊಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್ ಪಟ್ಟಣದ ವಾಲ್ಟರ್‌ಗಳು ಮರದ ಕೋಲು ನೆಟ್ಟಗೆ ನಿಲ್ಲುತ್ತಿದ್ದಂತೆ ಕೈಗಳನ್ನು ಒಂದರ ಮೇಲೊಂದು ಸಾಗಿಸಿ ಅದನ್ನು ಹತ್ತಿಬಿಡುತ್ತಿದ್ದರು. ಇಂದಿನ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನ ಕೈಯ ಮೇಲಕ್ಕೆ ಒಯ್ಯುವಂತಿಲ್ಲ, ಮೇಲಿನ ಕೈಯನ್ನು ಇನ್ನೂ ಮೇಲಕ್ಕೆ ಸರಿಸುವಂತಿಲ್ಲ. ಬಿದಿರಿನ ಕೋಲಿನ ಕಾಲದ ಮಹಾ ವಾಲ್ಟರ್ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1940ರಲ್ಲಿ ಮೊದಲ ಬಾರಿಗೆ 15 ಅಡಿ ದಾಟಿದರು, 1942ರಲ್ಲಿ 4.77 ಮೀಟರ್ ಹಾರಿದರು. ಆ ಕಾಲದವರು ಪ್ಲಾಂಟ್ ಮಾಡುವಾಗ, ನೆಲ ಬಿಡುವ ಮೊದಲೇ, ಎಡಗೈಯನ್ನು ಬಲಗೈಯ ಬಳಿಗೆ ಜಾರಿಸುತ್ತಿದ್ದರು. ಬಗ್ಗದ ಕೋಲಿನಲ್ಲಿ ಎರಡೂ ಕೈ ಒಂದೆಡೆ ಸೇರಿದರೆ ಇಡೀ ದೇಹ ಒಂದೇ ಬಿಂದುವಿನಿಂದ ತೂಗಾಡುತ್ತದೆ. ಎಡಗೈಯನ್ನು ಅಡ್ಡಿಯಾಗದಂತೆ ದೂರ ಸರಿಸಬೇಕೆಂಬ ತಿಳಿವಳಿಕೆ ಅವರಿಗೆ ಆಗಲೇ ಇತ್ತು ಎಂಬುದನ್ನು ಗಮನಿಸಿ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡಾನ್ ಬ್ರ್ಯಾಗ್ ಲೋಹದ ಕೋಲಿನಿಂದ 4.70 ಮೀಟರ್ ಹಾರಿ ಚಿನ್ನ ಗೆದ್ದರು. ಮೂರೇ ವರ್ಷದಲ್ಲಿ, 1963ರಲ್ಲಿ, ಜಾನ್ ಪೆನ್ನೆಲ್ ಫೈಬರ್‌ಗ್ಲಾಸ್ ಕೋಲಿನಿಂದ 17 ಅಡಿ ದಾಟಿದರು. ಕೋಲು ಬಗ್ಗುವುದೇ ಆಗ ದೊಡ್ಡ ವಿಸ್ಮಯವಾಗಿತ್ತು. ಆದ್ದರಿಂದ ಅದನ್ನು ಹೆಚ್ಚು ಬಗ್ಗಿಸುವುದೇ ವಿದ್ಯೆ ಎಂಬ ಭಾವನೆ ಸಹಜವಾಗಿಯೇ ಹುಟ್ಟಿತು. ಎಡ ತೋಳನ್ನು ಮುಂದಕ್ಕೆ ಚಾಚಿ, ಮೊಣಕೈಯನ್ನು ಬಿಗಿದು, ಕೋಲನ್ನು ನೂಕಬೇಕೆಂದು ಕಲಿಸುವುದು ವ್ಯಾಪಕವಾಯಿತು. ಎಡಗೈ ಮುಂದಕ್ಕೆ ನೂಕುವಾಗ ಬಲಗೈ ಹಿಂದಕ್ಕೆ ಎಳೆದರೆ ಕೋಲು ಬೇಗ ಬಗ್ಗುತ್ತದೆ ಎಂಬುದೇನೋ ನಿಜ. ಆದರೆ ಕೈ ಕೋಲನ್ನು ಮುಂದಕ್ಕೆ ನೂಕಿದಷ್ಟೇ ಬಲದಿಂದ ಕೋಲು ಎದೆಯನ್ನು ಹಿಂದಕ್ಕೆ ನೂಕುತ್ತದೆ. ಅಷ್ಟು ದೂರ ಓಡಿ ಗಳಿಸಿದ ವೇಗವನ್ನು ಒಂದು ತೋಳಿನಿಂದ ತಡೆದು ನಿಲ್ಲಿಸಿದಂತಾಯಿತು. ಜೊತೆಗೆ ಬಿಗಿದ ಎಡ ತೋಳು ಎದೆ ಮತ್ತು ಕೋಲಿನ ನಡುವೆ ಊರುಗೋಲಾಗಿ ನಿಲ್ಲುವುದರಿಂದ ಭುಜಗಳು ಮುಂದೆ ಸಾಗುವುದಿಲ್ಲ, ದೇಹ ತೂಗುವುದಿಲ್ಲ. ಕೋಲು ಚೆನ್ನಾಗಿ ಬಗ್ಗಿರುತ್ತದೆ, ವಾಲ್ಟರ್ ಮಾತ್ರ ಕುಳಿತ ಭಂಗಿಯಲ್ಲಿ ಮೇಲೆ ಹೋಗಿ ಬಾರಿನ ಮೇಲೆ ಬೀಳುತ್ತಾನೆ.

ಈ ತಿಳಿವಳಿಕೆಯನ್ನು ಬದಲಿಸಿದವರಲ್ಲಿ ಪ್ರಮುಖರು ಉಕ್ರೇನಿನ ತರಬೇತುದಾರ ವಿತಾಲಿ ಪೆತ್ರೋವ್. ಅವರ ಶಿಷ್ಯ ಸೆರ್ಗೈ ಬುಬ್ಕಾ 1985ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ 6 ಮೀಟರ್ ಮುಟ್ಟಿದ ಮೊದಲಿಗರಾದರು. ಒಳಾಂಗಣ ಮತ್ತು ಹೊರಾಂಗಣ ಸೇರಿ 35 ವಿಶ್ವ ದಾಖಲೆಗಳನ್ನು ಬರೆದರು. 1983ರಿಂದ 1997ರವರೆಗೆ ಸತತ ಆರು ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಗೆದ್ದರು. ಆಮೇಲೆ ರಷ್ಯಾದ ಯೆಲೆನಾ ಇಸಿನ್‌ಬಾಯೆವಾ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 6.03 ಮೀಟರ್ ಹಾರಿ ಗೆದ್ದ ಬ್ರೆಜಿಲ್‌ನ ಥಿಯಾಗೊ ಬ್ರಾಜ್ ಕೂಡ ಪೆತ್ರೋವ್ ಅವರ ಕೈಕೆಳಗೆ ತರಬೇತಿ ಪಡೆದವರು. ಪೆತ್ರೋವ್ ಪದ್ಧತಿಯ ಜೀವಾಳ 'ಮುಕ್ತ ಟೇಕಾಫ್'. ಕೋಲಿನ ತುದಿ ಬಾಕ್ಸಿನ ಹಿಂದಿನ ಗೋಡೆಗೆ ತಾಗಿ ತಡೆ ಒಡ್ಡುವ ಮೊದಲೇ ವಾಲ್ಟರ್‌ನ ಪಾದ ನೆಲ ಬಿಟ್ಟಿರಬೇಕು. ಆ ಕ್ಷಣದವರೆಗೆ ಕೋಲಿನಲ್ಲಿ ಬಾಗು ಇರಬಾರದು. ಇದನ್ನು ಒಪ್ಪಿಕೊಂಡರೆ ತೋಳುಗಳಿಂದ ಕೋಲನ್ನು ಬಗ್ಗಿಸುವ ಪ್ರಶ್ನೆಯೇ ಉಳಿಯುವುದಿಲ್ಲ. ಎರಡೂ ತೋಳುಗಳು ಮಾಡಬೇಕಾದದ್ದು ಕೋಲನ್ನು ಮೇಲಕ್ಕೆ ಒತ್ತಿ, ಮೇಲ್ಮುಖವಾಗಿ ಜಿಗಿಯುವುದಕ್ಕೆ ಜೊತೆಯಾಗುವುದು.

ಹಾಗಾದರೆ ಎಡಗೈ ಸಡಿಲವಾಗಿ ಜೋತುಬಿದ್ದಿರಬೇಕೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಪೂರ್ಣ ಸಡಿಲ ಬಿಟ್ಟವನ ಎದೆ ಕೋಲಿಗೆ ಅಂಟಿಕೊಂಡು ಸ್ವಿಂಗ್, ಅಂದರೆ ದೇಹದ ತೂಗುವಿಕೆ, ಅಲ್ಲಿಗೇ ಸತ್ತುಹೋಗುತ್ತದೆ. ಟೇಕಾಫ್ ಕ್ಷಣದಲ್ಲಿ ಎಡ ಮೊಣಕೈ ತುಸು ಮಡಿದು, ಮುಷ್ಟಿ ಹಣೆಗಿಂತ ಮೇಲಿದ್ದು, ಅದು ಒತ್ತುವ ಬಲ ಮೇಲ್ಮುಖವಾಗಿರಬೇಕು. ಎದೆ ಮುಂದೆ ಸಾಗಿದಾಗ ಆ ತೋಳು ಪ್ರತಿರೋಧ ತೋರುತ್ತಲೇ ಹಿಂಜರಿಯಬೇಕು. ಇಲ್ಲಿ ದಿಕ್ಕು ಮುಖ್ಯ. ಮೇಲಕ್ಕೆ ಒತ್ತುವ ಎಡಗೈ ಕೋಲನ್ನು ನೆಟ್ಟಗಾಗುವ ಕಡೆಗೆ ಸಾಗಿಸುತ್ತದೆ. ಮುಂದಕ್ಕೆ ಒತ್ತುವ ಎಡಗೈ ದೇಹವನ್ನು ತಡೆಯುತ್ತದೆ. ಶಿಕ್ಷಕರು ಮೈದಾನದ ಬದಿಯಿಂದ 'ಎಡಗೈ ಚಾಚು' ಎಂದು ಕೂಗುವ ಬದಲು 'ಎರಡೂ ಕೈ ಮೇಲೆ' ಎಂದರೆ ಮಗುವಿನ ದೇಹ ತಾನಾಗಿ ಸರಿಯಾದ ಕಡೆಗೆ ಹೋಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ನೆಲ ಬಿಟ್ಟ ಮೇಲೆ ಬಲಗೈಯೇ ತೂಗುವಿಕೆಯ ಕೇಂದ್ರ. ಬಲ ಮುಷ್ಟಿಯಿಂದ ಹಿಂದೆ ಉಳಿದ ಎಡ ಪಾದದ ತುದಿಯವರೆಗೆ ದೇಹ ಒಂದೇ ಉದ್ದನೆಯ ಲೋಲಕವಾಗಿರಬೇಕು. ಬಲ ಮೊಣಕೈ ಇಲ್ಲಿ ಮಡಿಯಬಾರದು. ಗಾಳಿಗೇರಿದ ಹೊಸಬನಿಗೆ ಭಯವಾದಾಗ ಅವನ ದೇಹ ಮಾಡುವ ಮೊದಲ ಕೆಲಸವೇ ಕೋಲನ್ನು ತಬ್ಬಿಕೊಳ್ಳುವುದು, ಅಂದರೆ ಬಲ ತೋಳನ್ನು ಮಡಿಸಿ ಮೇಲಕ್ಕೆ ಎಳೆದುಕೊಳ್ಳುವುದು. ಹಾಗೆ ಎಳೆದರೆ ಲೋಲಕ ಗಿಡ್ಡವಾಗುತ್ತದೆ, ಸೊಂಟ ತಲೆಗಿಂತ ಮೇಲೇರುವುದಿಲ್ಲ, ದೇಹದ ತೂಕ ಬೇಗನೆ ಮೇಲೆ ಸೇರುವುದರಿಂದ ಕೋಲು ಮುಂದೆ ಸಾಗುವ ಬದಲು ನಡುದಾರಿಯಲ್ಲೇ ನಿಧಾನವಾಗುತ್ತದೆ. ತೋಳು ನೆಟ್ಟಗೆ ಇದ್ದುಕೊಂಡೇ ಭುಜದ ಕೀಲಿನಿಂದ ಕೆಲಸ ಮಾಡಬೇಕು. ಬೆನ್ನಿನ ಅಗಲವಾದ ಸ್ನಾಯುಗಳ ಬಲದಿಂದ ಬಲ ತೋಳನ್ನು ತೊಡೆಯ ಕಡೆಗೆ ಒತ್ತುತ್ತ ಬಂದರೆ ಸೊಂಟ ಕೋಲಿನ ಕಡೆಗೂ ಮೇಲಕ್ಕೂ ಏರುತ್ತದೆ. ತೋಳು ಮತ್ತು ಮುಂಡದ ನಡುವಿನ ಕೋನ ಮುಚ್ಚಿಕೊಳ್ಳುತ್ತದೆ, ಮೊಣಕೈ ತೆರೆದೇ ಇರುತ್ತದೆ. ಇದೇ ವೇಳೆಗೆ ಎಡಗೈ ತನ್ನ ಪ್ರತಿರೋಧವನ್ನು ಬಿಟ್ಟು, ಮೊಣಕೈ ಮಡಿದು, ಮುಂಗೈ ಕೋಲಿನ ಪಕ್ಕಕ್ಕೆ ಬಂದು ದೇಹ ಸಾಗಲು ದಾರಿ ಕೊಡಬೇಕು. ತೋಳುಗಳು ಇಲ್ಲಿ ಗಾಳಿಯಲ್ಲಿ ಮಾಡುವ ದುಡಿಮೆ ಮತ್ತೆ ಕೋಲಿನೊಳಗೆ ಸಂಗ್ರಹವಾಗುತ್ತದೆ. ನಾನು ಆರಂಭದಲ್ಲಿ ಹೇಳಿದ 'ಕೂಡಿಸುವ' ಶಕ್ತಿಯ ಮೊದಲ ಕಂತು ಇದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳಬೇಕೆನಿಸುತ್ತದೆ. ತಲೆಕೆಳಗಾಗಿ, ಕೈಗಳ ಮೇಲೆ ಇಡೀ ಮೈಯ ಭಾರ ಹೊತ್ತು, ಭಯವಿಲ್ಲದೆ ಚಲಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಗದಗ, ಬಾಗಲಕೋಟೆ ಜಿಲ್ಲೆಗಳ ಊರುಗಳಲ್ಲಿ ಮಲ್ಲಕಂಬ ಮಾಡುವ ಮಕ್ಕಳನ್ನು ನೀವು ನೋಡಿರಬೇಕು. ಹಗ್ಗದ ಮಲ್ಲಕಂಬದಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯರು ತಲೆ ಕೆಳಗಾಗಿ ಹಗ್ಗದುದ್ದಕ್ಕೂ ಸೊಂಟವನ್ನು ಮೇಲೆತ್ತುವ ಬಗೆ, ಪೋಲ್ ವಾಲ್ಟರ್ ಒಬ್ಬರು ವರ್ಷಗಟ್ಟಲೆ ಅಭ್ಯಾಸ ಮಾಡಿ ಪಡೆಯುವ ಕೌಶಲಕ್ಕೆ ಬಹಳ ಸಮೀಪದ್ದು. ಅವರ ಭುಜಕ್ಕೆ ಬಲವಿದೆ, ಅಂಗೈಗೆ ಹಿಡಿತವಿದೆ, ತಲೆಕೆಳಗಾದಾಗ ದಿಕ್ಕಿನ ಅರಿವು ತಪ್ಪುವುದಿಲ್ಲ. ಅವರಿಗೆ ಕಲಿಸಬೇಕಾದದ್ದು ಓಟ ಮತ್ತು ಪ್ಲಾಂಟ್. ಪೋಲ್ ವಾಲ್ಟ್‌ಗೆ ಮಕ್ಕಳನ್ನು ಆಯ್ಕೆ ಮಾಡುವಾಗ ನಾವು ಓಟಗಾರರನ್ನಷ್ಟೇ ನೋಡುತ್ತೇವೆ. ಆ ಕಡೆಗೂ ಕಣ್ಣು ಹಾಯಿಸಬೇಕೆಂಬುದು ನನ್ನ ಬಹುಕಾಲದ ಆಸೆ.

ಕೋಲು ಮತ್ತೆ ನೆಟ್ಟಗಾಗುವ ಹಂತಕ್ಕೆ ಮರಳೋಣ. ಸೊಂಟ ಬಲಗೈಯ ಮಟ್ಟ ಮುಟ್ಟಿ, ಪಾದಗಳು ಮೇಲ್ಮುಖವಾಗಿ, ಬೆನ್ನು ನೆಲದ ಕಡೆಗಿದ್ದಾಗ ಮಾತ್ರ ತೋಳುಗಳನ್ನು ಮಡಿಸಿ ಎಳೆಯುವ ಸಮಯ ಬಂದಿತೆಂದು ತಿಳಿಯಬೇಕು. ಎಳೆತ ಕೋಲಿನ ಉದ್ದಕ್ಕೇ ಇರಬೇಕು. ಕೋಲು ಸೊಂಟಕ್ಕೆ, ಎದೆಗೆ ಒರಸಿಕೊಂಡು ಹೋಗುವಷ್ಟು ಹತ್ತಿರ ಇರಬೇಕು. ಕೋಲಿನಿಂದ ದೂರ ಸರಿದವನನ್ನು ಅದು ಬಾರಿನ ಕಡೆಗೆ ಅಡ್ಡಲಾಗಿ ಎಸೆಯುತ್ತದೆ. ಎಳೆಯುತ್ತಿರುವಾಗಲೇ ಮೈ ತಿರುಗಿ ಹೊಟ್ಟೆ ಬಾರಿನ ಕಡೆಗೆ ಬರುತ್ತದೆ, ಎಳೆತ ಒತ್ತುವಿಕೆಯಾಗಿ ಬದಲಾಗುತ್ತದೆ. ಎಡಗೈ ಮೊದಲು ಬಿಡುತ್ತದೆ. ಬಲಗೈ ಒಂದೇ ಕೈಯ ಮೇಲೆ ನಿಂತಂತೆ ನೆಟ್ಟಗಾಗುವವರೆಗೂ ಕೋಲಿನ ತಲೆಯನ್ನು ಕೆಳಕ್ಕೆ ಒತ್ತಿ ಆಮೇಲೆ ಬಿಡುತ್ತದೆ. ಬಿಟ್ಟ ಕೂಡಲೇ ಹೆಬ್ಬೆರಳನ್ನು ಒಳಕ್ಕೆ ತಿರುಗಿಸಿ ತೋಳುಗಳನ್ನು ಹಿಂದಕ್ಕೂ ಮೇಲಕ್ಕೂ ಸೆಳೆದುಕೊಂಡರೆ ಮೊಣಕೈ, ಎದೆ ಬಾರಿಗೆ ತಗುಲುವುದಿಲ್ಲ. ಅಲುಗುತ್ತಿರುವ ಬಾರನ್ನು ಕೈಯಿಂದ ಸ್ಥಿರಗೊಳಿಸುವಂತಿಲ್ಲ, ಅದು ನಿಯಮಬಾಹಿರ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಈ ಕೊನೆಯ ಕೆಲಸದ ಬೆಲೆಯನ್ನು ಅಳೆಯಲು ಸುಲಭವಾದ ದಾರಿಯಿದೆ. ಹಿಡಿತದ ಎತ್ತರದಿಂದ ಬಾಕ್ಸಿನ 20 ಸೆಂಟಿಮೀಟರ್ ಕಳೆಯಿರಿ. ಕೋಲು ನೆಟ್ಟಗೆ ನಿಂತಾಗ ಮೇಲಿನ ಕೈ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಸಿಗುತ್ತದೆ. ದಾಟಿದ ಬಾರಿನ ಎತ್ತರದಿಂದ ಅದನ್ನು ಕಳೆಯಿರಿ. 5.15 ಮೀಟರ್‌ನಲ್ಲಿ ಹಿಡಿದು 6.30 ದಾಟಿದವನು ತನ್ನ ಕೈಗಿಂತ 1.35 ಮೀಟರ್ ಮೇಲೆ ಹೋಗಿದ್ದಾನೆ. 4.50ರಲ್ಲಿ ಹಿಡಿದು 4.80 ದಾಟುವವನಿಗೆ ಅರ್ಧ ಮೀಟರ್ ದೊರೆತಿದೆ. 3.60ರಲ್ಲಿ ಹಿಡಿದು 3.20 ದಾಟುವ ಹುಡುಗನಿಗೆ ಈ ಅಂಕಿ ಸೊನ್ನೆಗಿಂತ 20 ಸೆಂಟಿಮೀಟರ್ ಕೆಳಗಿದೆ. ಅವನ ತರಬೇತಿಯಲ್ಲಿ ಹಿಡಿತವನ್ನು ಮೇಲೇರಿಸುವುದು, ಹೆಚ್ಚು ಗಡುಸಾದ ಕೋಲು ಕೊಡುವುದು ಎರಡೂ ಸದ್ಯಕ್ಕೆ ಬೇಡ. ಆ ಹಿಡಿತದಲ್ಲೇ ಸ್ವಿಂಗ್, ಎಳೆತ, ಒತ್ತುವಿಕೆಗಳು ಕೂಡಬೇಕು. ಈ ಅಂಕಿಯನ್ನು ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಅಭ್ಯಾಸಗಳ ವಿಷಯಕ್ಕೆ ಬಂದರೆ, ದುಬಾರಿ ಕೋಲುಗಳೂ ಮ್ಯಾಟೂ ಇಲ್ಲದ ಶಾಲೆಯಲ್ಲಿ ಇದರ ಅರ್ಧದಷ್ಟನ್ನು ಕಲಿಸಬಹುದು. ಹಗುರವಾದ ಚಿಕ್ಕ ಕೋಲು ಹಿಡಿದು ನಡೆಯುತ್ತ 'ಎಡ, ಬಲ, ಎಡ' ಎಂದು ಪ್ಲಾಂಟ್ ಮಾಡಿಸಿ. ನಡಿಗೆಯಲ್ಲಿ ತಪ್ಪಿಲ್ಲದೆ ಬಂದ ಮೇಲೆ ನಿಧಾನ ಓಟಕ್ಕೆ ಹೋಗಿ. ಗೋಡೆಯ ಬುಡಕ್ಕೆ ಕೋಲಿನ ತುದಿಯನ್ನು ಊರಿಸಿ, ಬಲ ತೋಳು ನೆಟ್ಟಗಿರುವಂತೆ, ಮುಷ್ಟಿ ಎಡ ಪಾದದ ನೇರಕ್ಕಿರುವಂತೆ ನಿಲ್ಲಿಸಿ. ಆ ನಿಲುವು ಮಗುವಿನ ಮೈಗೆ ಪರಿಚಯವಾಗಲಿ. ಲಾಂಗ್ ಜಂಪ್‌ನ ಮರಳು ಗುಂಡಿಯಲ್ಲಿ ಬಗ್ಗದ ಕೋಲನ್ನು ಕೆಳ ಹಿಡಿತದಲ್ಲಿ ಹಿಡಿದು, ಕೆಲವೇ ಹೆಜ್ಜೆ ಓಡಿ, ನೆಟ್ಟನೆಯ ತೋಳಿನಿಂದ ತೂಗಿ ಮರಳಿಗೆ ಇಳಿಯುವ ಅಭ್ಯಾಸ ಎಲ್ಲಕ್ಕಿಂತ ಉಪಯುಕ್ತ. ಬಗ್ಗದ ಕೋಲು ತೋಳಿನ ತಪ್ಪನ್ನು ಮುಚ್ಚಿಡುವುದಿಲ್ಲ. ಹಗ್ಗದಲ್ಲಿ ಅಥವಾ ಅಡ್ಡಕಂಬಿಯಲ್ಲಿ ನೇತಾಡಿ, ಮೊಣಕೈ ಮಡಿಸದೆ ಪಾದಗಳನ್ನು ಕೈಗಳವರೆಗೆ ತರುವುದು ಸ್ವಿಂಗ್‌ಗೆ ಒಳ್ಳೆಯ ತಯಾರಿ. ಕೈಗಳ ಮೇಲೆ ನಿಲ್ಲುವುದು, ಆ ಸ್ಥಿತಿಯಿಂದ ಭುಜಗಳನ್ನು ಮಾತ್ರ ಎತ್ತಿ ಇಳಿಸುವುದು ಕೊನೆಯ ಒತ್ತುವಿಕೆಗೆ ಬೇಕು. ಫೈಬರ್‌ಗ್ಲಾಸ್ ಕೋಲಿಗೆ ಹೋದಾಗ ಅದರ ಮೇಲೆ ಬರೆದಿರುವ ತೂಕದ ಮಿತಿಗಿಂತ ಹೆಚ್ಚು ತೂಕದವರ ಕೈಗೆ ಅದನ್ನು ಯಾವ ಕಾರಣಕ್ಕೂ ಕೊಡಬೇಡಿ.

ಈಗ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಫೋನ್ ಇದೆ. ಟೇಕಾಫ್ ಜಾಗದ ಪಕ್ಕದಲ್ಲಿ, ರನ್‌ವೇಗೆ ಲಂಬವಾಗಿ, ಸೊಂಟದ ಎತ್ತರದಲ್ಲಿ ಅದನ್ನಿಟ್ಟು ನಿಧಾನಗತಿಯಲ್ಲಿ ಚಿತ್ರೀಕರಿಸಿ. ಎಡ ಪಾದ ನೆಲ ಬಿಡುವ ಚೌಕಟ್ಟಿನಲ್ಲಿ ನಿಲ್ಲಿಸಿ, ಮೇಲಿನ ಮುಷ್ಟಿಯಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಪಾದದ ಹೆಬ್ಬೆರಳಿನ ಮೇಲೆ ಬೀಳುತ್ತದೆಯೇ, ಬಲ ಮೊಣಕೈ ತೆರೆದಿದೆಯೇ, ಕೋಲು ಇನ್ನೂ ಬಗ್ಗದೆ ಇದೆಯೇ ಎಂಬ ಮೂರನ್ನು ಮಾತ್ರ ನೋಡಿ. ಅವು ಒಂದೇ ತರಬೇತಿ ದಿನದ ಹೆಚ್ಚಿನ ಹಾರುವಿಕೆಗಳಲ್ಲಿ ಸರಿಯಾಗಿ ಕಂಡುಬಂದರೆ ಮುಂದಿನ ವಾರ ಹಿಡಿತವನ್ನು ಒಂದು ಮುಷ್ಟಿಯಷ್ಟು ಮೇಲಕ್ಕೆ ಸರಿಸಿ, ಓಟದ ಗುರುತನ್ನೂ ಅದಕ್ಕೆ ತಕ್ಕಂತೆ ಹಿಂದಕ್ಕೆ ಹಾಕಿ ಮತ್ತೆ ಚಿತ್ರೀಕರಿಸಿ.